ಒಂಬತ್ತೂವರೆಯೊಳಗೆ ಹೋಗಬೇಕಾದ ಅಂಕಿ

ದಡ್ಡರನ್ನು ಕಂಡರೆ ನನಗೆ ಆಗುವುದಿಲ್ಲ. ಮೊದಲೇ ಹೇಳಿಬಿಡುವುದು ಒಳ್ಳೆಯದು. ತಾರಾನಾಕಿಯ ಈ ಹಾಲಿನ ಸೀಮೆಯಲ್ಲಿ ಹುಟ್ಟಿ ಬೆಳೆದವನಿಗೆ ಇದೊಂದು ದೊಡ್ಡ ಕಷ್ಟ, ಏಕೆಂದರೆ ಇಲ್ಲಿ ಹಸುಗಳನ್ನು ಬಿಟ್ಟರೆ ಮಿಕ್ಕವರೆಲ್ಲ ದಡ್ಡರು ಎಂದು ಆಗ, ಅಂದರೆ ಎರಡು ಸಾವಿರದ ಒಂದನೇ ಇಸವಿಯಲ್ಲಿ, ನನ್ನ ಖಚಿತ ಅಭಿಪ್ರಾಯವಾಗಿತ್ತು. ಹಸುಗಳ ಬಗ್ಗೆಯೂ ಅಷ್ಟೇನೂ ಗೌರವವಿರಲಿಲ್ಲ.

ಹೊಟ್ಟೆಪಾಡಿಗೆ ಪೇಟೆಯ ಹೈಸ್ಕೂಲಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದೆ. ಮನಸ್ಸು ಮಾತ್ರ ಲಿನಕ್ಸ್ ಎಂಬ ಪುಕ್ಕಟೆ ಸಾಫ್ಟ್‌ವೇರಿನ ಮೇಲೆ. ಪ್ರತಿ ತಿಂಗಳ ಮೊದಲ ಶನಿವಾರ ಲೈಬ್ರರಿಯ ಹಿಂದಿನ ಕೋಣೆಯಲ್ಲಿ ನಮ್ಮ ಕೂಟ ಸೇರುತ್ತಿತ್ತು. ಇದ್ದದ್ದು ಏಳು ಜನ. ನಾನು ಅಧ್ಯಕ್ಷ, ಉಳಿದ ಆರು ಮಂದಿ ನನ್ನ ಕೈಲಿ ಬೈಸಿಕೊಳ್ಳುವವರು. ಶಾಲೆ ಎಸೆದ ಹಳೆಯ ಕಂಪ್ಯೂಟರ್ ಪೆಟ್ಟಿಗೆಗಳಿಗೆ ಲಿನಕ್ಸ್ ಹಾಕಿ, ಫೋನ್ ತಂತಿಯಲ್ಲಿ ಇಂಟರ್ನೆಟ್ಟಿಗೆ ಡಯಲ್ ಮಾಡುವ ಪ್ರೋಗ್ರಾಮನ್ನು ಹೊಂದಿಸಿ, ಹಳ್ಳಿಗಾಡಿನ ರೈತರಿಗೆ ಪುಕ್ಕಟೆ ಹಂಚುತ್ತಿದ್ದೆವು. ಅದನ್ನು ದಾನ ಎಂದು ಯಾರಾದರೂ ಕರೆದರೆ ನನಗೆ ಸಿಟ್ಟು ಬರುತ್ತಿತ್ತು. ನನ್ನ ಲೆಕ್ಕದಲ್ಲಿ ಅದು ದೀಕ್ಷೆ. ಪುಕ್ಕಟೆ ಸಿಕ್ಕಿದ್ದನ್ನು ಬಾಯಿ ಮುಚ್ಚಿಕೊಂಡು ಕಲಿಯಬೇಕು, ಪ್ರಶ್ನೆ ಕೇಳುವ ಮುಂಚೆ ಕೈಪಿಡಿ ಓದಬೇಕು. ಇಷ್ಟೂ ಆಗದವರು ಮನೆಗೆ ಹೋಗಿ ಹಾಲು ಕರೆದುಕೊಂಡಿರಬೇಕು.

ನೋಲೀನ್ ಟಾಪ್ಲಿಸ್ ಬಂದದ್ದು ಜುಲೈ ತಿಂಗಳ ಕೂಟಕ್ಕೆ. ಐವತ್ತಾರು ವಯಸ್ಸು, ಕಾಲಲ್ಲಿ ರಬ್ಬರ್ ಬೂಟು, ಅದಕ್ಕೆ ಮೆತ್ತಿದ ಸಗಣಿ. ಪೇಟೆಯಿಂದ ನಲವತ್ತು ನಿಮಿಷ ಜಲ್ಲಿ ರಸ್ತೆಯಲ್ಲಿ ಹೋದರೆ ಮಂಗಾಟೋವಾ ಕಣಿವೆಯ ಕಟ್ಟಕಡೆಯ ಮನೆ ಅವಳದು. ನೂರಿಪ್ಪತ್ತು ಹಸು ಕಟ್ಟಿಕೊಂಡು ಒಬ್ಬಳೇ ಸಂಭಾಳಿಸುತ್ತಿದ್ದಳು.

"ನಂಗೊಂದು ಇಮೇಲ್ ಕಳಿಸ್ಬೇಕು. ದಿನಾ ಒಂದೇ ಒಂದು," ಎಂದಳು.

"ಏನಂತ?"

"ಒಂದು ಅಂಕಿ."

ಅವಳ ಹಿತ್ತಿಲಿನಲ್ಲಿ, ಪ್ರವಾಹದ ಮುನ್ಸೂಚನೆ ಕೊಡುವ ನದಿ ಕಚೇರಿಯವರ ಮಳೆಮಾಪಕವಿತ್ತು. ಅವಳಪ್ಪ ಎಪ್ಪತ್ತನೇ ಇಸವಿಯಲ್ಲಿ ಶುರು ಮಾಡಿದ ಕೆಲಸ. ದಿನಾ ಬೆಳಿಗ್ಗೆ ಒಂಬತ್ತಕ್ಕೆ ನೀರು ಅಳೆದು, ಎಷ್ಟು ಮಿಲಿಮೀಟರ್ ಎಂದು ಫೋನಿನಲ್ಲಿ ಹೇಳಬೇಕು. ಅಪ್ಪ ಹೋದ ಮೇಲೆ ಮಗಳು ಹಿಡಿದಳು. ಮೂವತ್ತೊಂದು ವರ್ಷದಲ್ಲಿ ಒಂದು ದಿನವೂ ತಪ್ಪಿರಲಿಲ್ಲ. ಮದುವೆಯ ದಿನ ಬಿಳಿ ಲಂಗದ ಕೆಳಗೆ ಬೂಟು ಹಾಕಿಕೊಂಡು ಹೋಗಿ ಅಳೆದಿದ್ದಳಂತೆ. ಗಂಡ ಬಿಟ್ಟುಹೋದ ದಿನವೂ ಅಳೆದಳು. "ಅವತ್ತು ಎರಡು ಪಾಯಿಂಟ್ ಆರು," ಎಂದು ತಾನಾಗಿಯೇ ಹೇಳಿದಳು.

ಈಗ ಕಚೇರಿಯವರು ಹೊಸ ಕಾನೂನು ತಂದಿದ್ದರು. ಫೋನೆತ್ತಲು ಜನ ಇಲ್ಲ, ಇನ್ನು ಮುಂದೆ ಇಮೇಲ್ ಮಾತ್ರ. ಒಂಬತ್ತೂವರೆಯೊಳಗೆ ಬರಬೇಕು. ಸತತವಾಗಿ ಮೂರು ದಿನ ಬಾರದಿದ್ದರೆ ಆ ಕೇಂದ್ರವನ್ನು ಮುಚ್ಚಿ, ಕೆಳಗೆ ಸೇತುವೆಯ ಹತ್ತಿರ ತಾನಾಗಿಯೇ ಅಳೆಯುವ ಯಂತ್ರ ನೆಡುತ್ತಾರೆ.

"ಸೇತುವೆ ಹತ್ರ ಮಳೇನೇ ಬೇರೆ ಕಣೋ," ಎಂದಳು ನೋಲೀನ್. "ಮೇಲೆ ಸುರಿದಿದ್ದು ಕೆಳಗೆ ಬರೋಷ್ಟರಲ್ಲಿ ಎರಡು ಗಂಟೆ ಆಗಿರುತ್ತೆ. ಅಷ್ಟೊತ್ತಿಗೆ ಕರುಗಳೆಲ್ಲ ತೇಲ್ಕೊಂಡು ಹೋಗಿರ್ತವೆ. ಇದು ನನ್ನ ಕೈ ತಪ್ಪಬಾರ್ದು, ಲಯಲ್."

ಲಯಲ್ ಹಾಸ್ಕಿನ್, ಅದು ನಾನು. ತಪ್ಪುವುದಿಲ್ಲ ಎಂದೆ. ಲಿನಕ್ಸ್ ತಪ್ಪುವುದಿಲ್ಲ ಎಂಬ ಅರ್ಥದಲ್ಲಿ.

ಅವತ್ತೇ ಒಂದು ಹಳೆಯ ಪೆಟ್ಟಿಗೆಗೆ ಎಲ್ಲ ಹಾಕಿಕೊಟ್ಟೆ. ಡಯಲ್ ಮಾಡುವಾಗ ಕಂಪ್ಯೂಟರನ್ನು ಫೋನ್ ತಂತಿಗೆ ಸೇರಿಸುವ ಮೋಡೆಮ್ ಕೀ ಕುಂಯ್ ಎಂದು ಅರಚುತ್ತದಲ್ಲ, ಅದನ್ನು ಅಡಗಿಸುವ ಒಂದು ಆಜ್ಞೆ ಇದೆ. ನಾನು ಸಿದ್ಧಪಡಿಸಿದ ಪ್ರತಿ ಯಂತ್ರವೂ ಮೂಕ.

"ಸದ್ದಿದ್ರೆ ಹೋಗ್ತಾ ಇದೆ ಅಂತ ಗೊತ್ತಾಗುತ್ತಲ್ವಾ?" ಎಂದು ಕೇಳಿದಳು.

"ಸದ್ದಿನಿಂದ ಏನೂ ಗೊತ್ತಾಗಲ್ಲ ನೋಲೀನ್. ಸದ್ದು ಕೇಳಿ ಖುಷಿಪಡೋರು ಬೇರೆ ಇದ್ದಾರೆ. ನೀವು ತೆರೆ ಮೇಲೆ ಬರೋದನ್ನ ನೋಡಿ."

ಅವಳು ಒಂದೊಂದು ಹೆಜ್ಜೆಯನ್ನೂ ಪುಸ್ತಕದಲ್ಲಿ ಬರೆದುಕೊಂಡಳು. ಬರೆದುಕೊಳ್ಳುವವರನ್ನು ಕಂಡರೂ ನನಗೆ ತಾತ್ಸಾರವೇ. ಅರ್ಥ ಮಾಡಿಕೊಂಡವನು ಬರೆದುಕೊಳ್ಳುವುದಿಲ್ಲ ಎಂಬುದು ನನ್ನ ಸಿದ್ಧಾಂತ.

ಐದು ವಾರ ಎಲ್ಲ ಸುಸೂತ್ರವಾಗಿತ್ತು. ದಿನಾ ಒಂಬತ್ತು ಹತ್ತಕ್ಕೆ ಅಂಕಿ ಹೋಗುತ್ತಿತ್ತು. ಆಗಸ್ಟಿನ ಒಂದು ಸೋಮವಾರ, ಹಸು ಕರು ಹಾಕುವ ಕಾಲ, ಬೆಳಿಗ್ಗೆ ಒಂಬತ್ತೂಕಾಲಕ್ಕೆ ಶಾಲೆಗೆ ಅವಳ ಫೋನು.

"ಸೇರೋದು, ಬಿಡೋದು, ಸೇರೋದು, ಬಿಡೋದು. ನಿನ್ನೆ ಆರನೇ ಸಲಕ್ಕೆ ಹೋಯ್ತು. ಇವತ್ತು ಹತ್ತು ಸಲ ಆಯ್ತು."

"ಏನು ಮುಟ್ಟಿದ್ರಿ?"

"ಏನೂ ಮುಟ್ಟಿಲ್ಲ ಮಾರಾಯ."

ಎಲ್ಲರೂ ಹಾಗೆಯೇ ಹೇಳುವುದು. ಏನೂ ಮುಟ್ಟಿಲ್ಲವಂತೆ, ಯಂತ್ರಕ್ಕೆ ದೆವ್ವ ಹಿಡಿದಿದೆಯಂತೆ. ನಾನು ಹಲ್ಲು ಕಡಿದೆ.

"ಹಂಗಾರೆ ಒಂದು ಕೆಲ್ಸ ಮಾಡು," ಎಂದಳು. "ನಾನು ಅಂಕಿ ಹೇಳ್ತೀನಿ, ನೀನೇ ಅಲ್ಲಿಂದ ಕಳಿಸ್ಬಿಡು. ಹದಿನೆಂಟು ಪಾಯಿಂಟ್ ಎರಡು. ಇನ್ನೂ ಹದಿನೈದು ನಿಮಿಷ ಇದೆ."

ನನ್ನ ಮುಂದೆ ಮೂವತ್ತು ಕಂಪ್ಯೂಟರುಗಳಿದ್ದವು. ಒಂದು ಸಾಲು ಟೈಪ್ ಮಾಡಿದ್ದರೆ ಮುಗಿಯುತ್ತಿತ್ತು. ಆದರೆ ಶಾಲೆಯ ಯಂತ್ರಗಳಲ್ಲಿ ಇದ್ದದ್ದು ಕಾಸು ಕೊಟ್ಟು ತಂದ ಸಾಫ್ಟ್‌ವೇರ್. ಅದರಿಂದ ಕಳಿಸುವುದೆಂದರೆ ನನ್ನ ಲಿನಕ್ಸ್ ಸೋತಿತು ಎಂದು ನಾನೇ ಡಂಗುರ ಹೊಡೆದಂತೆ.

"ಅದೆಲ್ಲ ತೇಪೆ ಹಾಕೋ ಕೆಲಸ ನೋಲೀನ್. ನಾನು ತೇಪೆ ಹಾಕಲ್ಲ. ಸಂಜೆ ಬಂದು ಬೇರಿನಿಂದ ಸರಿ ಮಾಡ್ತೀನಿ. ಮೂರು ದಿನ ತಾನೇ ಅವರ ಲೆಕ್ಕ? ಇನ್ನೂ ಎರಡಿದೆ."

"ಮೂವತ್ತೊಂದು ವರ್ಷದಲ್ಲಿ ಇದೇ ಮೊದಲು," ಎಂದು ಫೋನ್ ಇಟ್ಟಳು.

ಸಂಜೆ ನಾಲ್ಕೂವರೆಗೆ ಹೋದೆ. ಸಂಪರ್ಕ ಯಾವಾಗ ಸೇರಿತು, ಯಾವಾಗ ಕಡಿಯಿತು ಎಂದು ಯಂತ್ರ ತಾನೇ ಬರೆದಿಟ್ಟುಕೊಳ್ಳುತ್ತದೆ. ಅದನ್ನು ನೋಡಿದ ಕೂಡಲೇ ರೋಗ ಗೊತ್ತಾಯಿತು, ಅಥವಾ ಗೊತ್ತಾಯಿತು ಎಂದುಕೊಂಡೆ. ಡಯಲ್ ಪ್ರೋಗ್ರಾಂ ಹಳೆಯದು. ಅದರಲ್ಲಿ ಇಂಥದ್ದೇ ಒಂದು ದೋಷವಿತ್ತೆಂದು ಎಲ್ಲೋ ಓದಿದ್ದೆ. ತಂದಿದ್ದ ಫ್ಲಾಪಿಗಳಿಂದ ಹೊಸದನ್ನು ಹಾಕಿ, ಡಯಲ್ ಮಾಡಿದೆ. ಸೇರಿತು. ಐದು ನಿಮಿಷ, ಹತ್ತು ನಿಮಿಷ, ಕಡಿಯಲೇ ಇಲ್ಲ.

"ನೋಡಿದ್ರಾ? ಹಳೇದನ್ನ ಇಟ್ಕೊಂಡು ಒದ್ದಾಡೋದು, ಆಮೇಲೆ ದೂರು ಹೇಳೋದು."

"ಹಳೇದನ್ನ ಹಾಕಿದ್ದೂ ನೀನೇ ಅಲ್ವೇನೋ?" ಎಂದು ಅವಳು ಚೀಸ್ ಹಾಕಿದ ಬನ್ನಿನ ತಟ್ಟೆಯನ್ನು ಮುಂದೆ ತಳ್ಳಿದಳು. ನಾನು ಎರಡು ತಿಂದು, ದೊಡ್ಡ ಗೆಲುವು ಸಾಧಿಸಿದವನಂತೆ ಮನೆಗೆ ಬಂದೆ.

ಮಂಗಳವಾರ ಬೆಳಿಗ್ಗೆ ಒಂಬತ್ತೂಕಾಲಕ್ಕೆ ಮತ್ತೆ ಫೋನು.

"ಹೋಗ್ತಾ ಇಲ್ಲ ಲಯಲ್. ಇನ್ನೊಂದು ವಿಷ್ಯ. ಫೋನ್ ಎತ್ತಿದ್ರೆ ಒಳಗೆ ಟಿಕ್ ಟಿಕ್ ಅನ್ನುತ್ತೆ. ಸೆಕೆಂಡಿಗೊಂದು ಸಲ. ಮುಂಚೆ ಇರ್ಲಿಲ್ಲ."

"ಮಾತಾಡೋದೇ ಬೇರೆ, ಡೇಟಾನೇ ಬೇರೆ ನೋಲೀನ್. ನಿಮ್ಮ ಕಿವಿಗೆ ಕೇಳ್ಸೋದಕ್ಕೂ ಇದಕ್ಕೂ ಸಂಬಂಧ ಇಲ್ಲ."

"ಎರಡೂ ಒಂದೇ ತಂತಿಲಿ ತಾನೇ ಹೋಗೋದು?"

ಎಂಥ ಬಾಲಿಶ ಪ್ರಶ್ನೆ ಎಂದು ನನ್ನ ಪಕ್ಕದಲ್ಲಿದ್ದ ಮೇಷ್ಟರ ಕಡೆ ನೋಡಿ ಕಣ್ಣು ಹೊರಳಿಸಿದೆ.

"ಇವತ್ತಾದ್ರೂ ಕಳಿಸ್ತೀಯಾ ಅಲ್ಲಿಂದ? ನಾಲ್ಕು ಪಾಯಿಂಟ್ ಸೊನ್ನೆ," ಎಂದಳು. ಕೇಳುವ ಧ್ವನಿ ಸಣ್ಣದಾಗಿತ್ತು. ಆ ಹೆಂಗಸಿನ ಧ್ವನಿ ಸಣ್ಣದಾದದ್ದನ್ನು ನಾನು ಅವತ್ತಿನವರೆಗೆ ಕೇಳಿರಲಿಲ್ಲ.

ಕಳಿಸಲಿಲ್ಲ. ಸಂಜೆ ಮತ್ತೆ ಹೋದೆ, ಅದಕ್ಕಿಂತ ಹೊಸ ಆವೃತ್ತಿ ಹಾಕಿದೆ, ಮತ್ತೆ ಒಂದೇ ಏಟಿಗೆ ಸೇರಿ ಇಪ್ಪತ್ತು ನಿಮಿಷ ನಿಂತಿತು. ಸಂಜೆ ನಿಲ್ಲುವುದು ಬೆಳಿಗ್ಗೆ ಏಕೆ ನಿಲ್ಲುವುದಿಲ್ಲ? ಸಾಮಾನ್ಯ ಬುದ್ಧಿಯಿರುವ ಯಾರೇ ಆದರೂ ಈ ಪ್ರಶ್ನೆ ಕೇಳಿಕೊಳ್ಳುತ್ತಿದ್ದರು. ನಾನು ಕೇಳಿಕೊಂಡೆ ಕೂಡ, ಆದರೆ ಉತ್ತರವೂ ತಯಾರಿತ್ತು. ಬೆಳಿಗ್ಗೆ ಇವಳು ಏನೋ ತಪ್ಪು ಒತ್ತುತ್ತಾಳೆ.

ಬುಧವಾರ ಮೂರನೇ ದಿನ. ಶಾಲೆಗೆ ಅರ್ಧ ದಿನ ರಜೆ ಹಾಕಿ ಏಳು ಗಂಟೆಗೇ ಅವಳ ಅಡುಗೆಮನೆಯಲ್ಲಿ ಹಾಜರಾದೆ. ಈ ಸಲ ಡಯಲ್ ಪ್ರೋಗ್ರಾಂ ಮಾತ್ರವಲ್ಲ, ಲಿನಕ್ಸಿನ ತಿರುಳನ್ನೇ ಮೂಲದಿಂದ ಹೊಸದಾಗಿ ಕಟ್ಟಿ ಕೂರಿಸುವುದೆಂದು ತೀರ್ಮಾನಿಸಿದ್ದೆ. ಬೇಕಿರಲಿಲ್ಲ. ಆದರೆ ಅದರಲ್ಲಿ ನನಗೆ ಒಂದು ಬಗೆಯ ಸುಖವಿತ್ತು. ತೆರೆಯ ಮೇಲೆ ಸಾಲುಗಳು ದಡದಡ ಓಡುವಾಗ ನೋಡುವವರ ಬಾಯಿ ತೆರೆಯುತ್ತದೆ.

ನೋಲೀನ್ ಬಾಯಿ ತೆರೆದು ನೋಡಲಿಲ್ಲ, ಗಡಿಯಾರ ನೋಡಿದಳು. "ಎಷ್ಟು ಹೊತ್ತು ಹಿಡಿಯುತ್ತೆ?"

"ಒಂದೂವರೆ ಗಂಟೆ. ಎಂಟೂವರೆಗೆ ಮುಗಿಯುತ್ತೆ."

ಅದು ಶಾಲೆಯ ಹೊಸ ಯಂತ್ರದ ಲೆಕ್ಕ. ಈ ಪೆಟ್ಟಿಗೆ ಎಂಟು ವರ್ಷದ ಮುದುಕ ಎಂಬುದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಒಂಬತ್ತಕ್ಕೆ ಅವಳು ಹಿತ್ತಿಲಿಗೆ ಹೋಗಿ ಅಳೆದು ಬಂದಳು. ಸಾಲುಗಳು ಓಡುತ್ತಲೇ ಇದ್ದವು. ಒಂಬತ್ತೂಕಾಲಾಯಿತು. ಅವಳು ಚೀಟಿ ಹಿಡಿದು ನನ್ನ ಬೆನ್ನ ಹಿಂದೆ ನಿಂತಳು.

"ನಿಲ್ಲಿಸಿ ಒಂದ್ಸಲ ಡಯಲ್ ಮಾಡೋಣ್ವಾ?"

"ಮಧ್ಯದಲ್ಲಿ ನಿಲ್ಲಿಸಿದ್ರೆ ಮೊದಲಿಂದ ಶುರು ಮಾಡ್ಬೇಕು."

"ಮಾಡು. ಅದಕ್ಕೇನಂತೆ?"

"ನಿಮಗೆ ಅರ್ಥ ಆಗಲ್ಲ ಬಿಡಿ!" ಎಂದು ಜೋರಾಗಿಯೇ ಅಂದೆ. ಒಂಬತ್ತೂವರೆಯಾಯಿತು. ಚೀಟಿಯನ್ನು ಮೇಜಿನ ಮೇಲಿಟ್ಟು ಹೊರಗೆ ಹೋದಳು. ಹಸುವೊಂದು ಕರು ಹಾಕಲು ಕಷ್ಟಪಡುತ್ತಿತ್ತು.

ಒಂಬತ್ತು ನಲವತ್ತಕ್ಕೆ ಫೋನು ಬಂತು. ಎತ್ತಿದೆ. ನದಿ ಕಚೇರಿಯ ಕ್ಲೈವ್ ಅಬರ್‌ನೆತಿ ಎಂಬವನು. ಮೂರು ದಿನದಿಂದ ಅಂಕಿ ಬಂದಿಲ್ಲ, ಏನು ಕಾರಣ, ಬರೆದುಕೊಳ್ಳಬೇಕು ಎಂದ. ಸಭ್ಯಸ್ಥ. ಏನಾದರೂ ನೆಪ ಸಿಕ್ಕರೆ ಬಿಟ್ಟುಬಿಡೋಣ ಎನ್ನುವ ಧ್ವನಿ. ಯಂತ್ರ ಕೆಟ್ಟಿದೆಯಾ ಎಂದು ಅವನೇ ಎತ್ತಿಕೊಟ್ಟ.

ನನ್ನ ಯಂತ್ರ ಕೆಟ್ಟಿದೆಯಾ ಎಂದು ಒಬ್ಬ ಗುಮಾಸ್ತ ಕೇಳುವುದೇ? ಮೈಯೆಲ್ಲ ಉರಿಯಿತು.

"ಯಂತ್ರ ಚೆನ್ನಾಗೇ ಇದೆ ಸ್ವಾಮಿ. ಸಾಫ್ಟ್‌ವೇರ್ ಅಂತೂ ಪ್ರಪಂಚದಲ್ಲೇ ಒಂದನೇ ನಂಬರ್. ಬಳಸೋಕೆ ಇವರಿಗೆ ಬರಲ್ಲ, ಅಷ್ಟೇ."

"ಕಲಿಸೋಕೆ ಆಗಲ್ವಾ?"

"ಕಲಿಯೋ ವಯಸ್ಸಾ ಅದು?" ಎಂದು ನಕ್ಕೆ. ಅವನು ನಗಲಿಲ್ಲ. ನನ್ನ ಹೆಸರು ಕೇಳಿದ. ಹೇಳಿದೆ, ಅಕ್ಷರ ಬಿಡಿಸಿ ಹೇಳಿದೆ. ಆಮೇಲೆ ತಿರುಳು ಕಟ್ಟಿ ಮುಗಿಯುವುದನ್ನು ಕಾಯುತ್ತಾ ಅವಳ ಡಬ್ಬಿಯಿಂದ ಬಿಸ್ಕತ್ತು ತೆಗೆದು ತಿಂದೆ.

ಗುರುವಾರ ಮಧ್ಯಾಹ್ನ ಶಾಲೆಗೆ ನೋಲೀನ್ ಫೋನ್ ಮಾಡಿ, ಕೂಡಲೇ ಬಾ ಎಂದಳು. ಹೋದಾಗ ಅಡುಗೆಮನೆಯಲ್ಲಿ ಪಕ್ಕದ ಜಮೀನಿನ ಡಾರ್ಸಿ ಕೆಮ್ಸ್‌ಲಿ ಟೀ ಕುಡಿಯುತ್ತ ಕೂತಿದ್ದ. ನೋಲೀನ್ ತನ್ನ ಪುಸ್ತಕವನ್ನು ತಿರುಗಿಸಿ ನನ್ನ ಮುಂದಿಟ್ಟಳು.

ಡಾರ್ಸಿ ಹೋದ ಭಾನುವಾರ ತನ್ನ ಹೋರಿಗಳ ಬೇಲಿಗೆ ದೊಡ್ಡ ಕರೆಂಟಿನ ಪೆಟ್ಟಿಗೆ ಹೊಸದಾಗಿ ಹಾಕಿದ್ದ. ಸೆಕೆಂಡಿಗೊಮ್ಮೆ ತಂತಿಗೆ ಶಾಕ್ ಹೊಡೆಯುವಂಥದ್ದು. ಅದರ ಕರೆಂಟನ್ನು ನೆಲಕ್ಕೆ ಇಳಿಸುವ ಸರಳನ್ನು ಹುಗಿದದ್ದು ನೋಲೀನಳ ಫೋನ್ ಕೇಬಲಿನ ಪಕ್ಕದಲ್ಲೇ. ಒಂದೊಂದು ಶಾಕೂ ಫೋನ್ ತಂತಿಗೆ ನುಗ್ಗಿ ಟಿಕ್ ಎಂದು ಸಂಪರ್ಕ ಕಡಿಯುತ್ತಿತ್ತು. ಸಂಜೆ ಹೋರಿಗಳನ್ನು ಬೇರೆ ಕಡೆಗೆ ಹೊಡೆಯುವಾಗ ಒಂದೆರಡು ಗಂಟೆ ಬೇಲಿ ಆರಿಸುತ್ತಿದ್ದ. ಇಷ್ಟೂ ಅವಳ ಪುಸ್ತಕದಲ್ಲಿತ್ತು. 'ಬೇಲಿ ಇದೆ, ಟಿಕ್ ಇದೆ, ಕಡಿಯಿತು. ಬೇಲಿ ಇಲ್ಲ, ಟಿಕ್ ಇಲ್ಲ, ನಿಂತಿತು.' ಡಾರ್ಸಿಯನ್ನು ಓಡಾಡಿಸಿ ಎಂಟು ಸಲ ಪರೀಕ್ಷೆ ಮಾಡಿದ್ದಳು. ಎಂಟಕ್ಕೂ ಹೊತ್ತು ಬರೆದಿದ್ದಳು. ಅವತ್ತಿನ ಅಂಕಿ ಬೇಲಿ ಆರಿಸಿಕೊಂಡು ಒಂಬತ್ತು ಐದಕ್ಕೇ ಹೋಗಿತ್ತು.

"ನಂಗೊಂದು ಮಾತು ಹೇಳಿದ್ರೆ ಅವತ್ತೇ ಸರಳು ಕಿತ್ತು ಆ ಕಡೆ ಹುಗೀತಿದ್ದೆ," ಎಂದ ಡಾರ್ಸಿ. "ನೀನು ಆ ಪೆಟ್ಟಿಗೆ ಮುಂದೆ ಮೂರು ದಿನ ಏನು ಕಡಿದು ಗುಡ್ಡೆ ಹಾಕ್ತಿದ್ದೆ ಮಾರಾಯ?"

ನಾನು ಫೋನ್ ಎತ್ತಿ ಕಿವಿಗೆ ಹಿಡಿದೆ. ಕಿವಿಗೊಟ್ಟು ಕೇಳಿದ್ದು ಅದೇ ಮೊದಲು, ಬುಧವಾರ ಕ್ಲೈವ್ ಜೊತೆ ಮಾತಾಡುವಾಗ ನನ್ನ ದನಿಯೇ ನನಗೆ ಸಾಕಾಗಿತ್ತು. ಡಾರ್ಸಿಯ ಬೇಲಿ ಚಾಲೂ ಇತ್ತು. ಟಿಕ್, ಟಿಕ್, ಟಿಕ್. ಮೂಕ ಮಾಡದೆ ಬಿಟ್ಟಿದ್ದರೆ ಮೋಡೆಮ್ಮೇ ಇದನ್ನು ಕೂಗಿ ಹೇಳುತ್ತಿತ್ತು. ನನ್ನಂಥ ಕತ್ತೆ ಇನ್ನೊಂದಿಲ್ಲ ಎಂದು ನನಗೆ ಅನ್ನಿಸಿತು. "ಅಪರೂಪದ ಕೇಸು," ಎಂದೆ.

ಶುಕ್ರವಾರ ಅಂಚೆಯಲ್ಲಿ ನದಿ ಕಚೇರಿಯ ಕಾಗದ ಬಂತು. ಅವಳು ಕರೆದಳೆಂದು ಮೂರೂವರೆಗೆ ನಾನು ಹೋದಾಗ ನೋಲೀನ್ ಅದನ್ನು ಮೇಜಿನ ಮೇಲೆ ಬಿಡಿಸಿಟ್ಟಿದ್ದಳು.

"ಓದು. ಗಟ್ಟಿಯಾಗಿ ಓದು."

ಓದಿದೆ. ಮೂವತ್ತೊಂದು ವರ್ಷದ ಸೇವೆಗೆ ಕೃತಜ್ಞತೆ. ಮಂಗಾಟೋವಾ ಮೇಲಿನ ಕೇಂದ್ರವನ್ನು ಇಂದಿನಿಂದ ಮುಚ್ಚಲಾಗಿದೆ. ಯಂತ್ರದ ತೊಂದರೆಯಿದ್ದಲ್ಲಿ ವಿನಾಯಿತಿ ನೀಡಲು ಅವಕಾಶವಿತ್ತು, ಆದರೆ. ಅಲ್ಲಿಗೆ ನನ್ನ ದನಿ ನಿಂತಿತು.

"ಯಾಕೆ ನಿಲ್ಲಿಸ್ದೆ? ಮುಂದೆ ಓದು."

"ಆದರೆ ಯಂತ್ರ ಸುಸ್ಥಿತಿಯಲ್ಲಿದೆಯೆಂದೂ, ಅದನ್ನು ಬಳಸುವ ಸಾಮರ್ಥ್ಯ ವೀಕ್ಷಕರಿಗೆ ಇಲ್ಲವೆಂದೂ, ಕಲಿಯುವ ವಯಸ್ಸು ಮೀರಿದೆಯೆಂದೂ ಅವರ ತಾಂತ್ರಿಕ ಸಹಾಯಕರಾದ ಶ್ರೀ ಲಯಲ್ ಹಾಸ್ಕಿನ್ ತಿಳಿಸಿರುತ್ತಾರೆ."

ನನ್ನ ಹೆಸರಿನಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ.

ಅವಳು ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಬೈಯಲಿಲ್ಲ. ಫೋನನ್ನು ನನ್ನ ಕಡೆಗೆ ತಳ್ಳಿದಳು. "ಮಾಡು. ನನ್ನೆದುರಿಗೇ ಮಾಡು."

ಕ್ಲೈವ್ ಅಬರ್‌ನೆತಿ ಇನ್ನೂ ಕಚೇರಿಯಲ್ಲಿದ್ದ. ಬೇಲಿಯ ವಿಷಯ ಹೇಳಿದೆ. ಬುಧವಾರ ಯಂತ್ರವನ್ನು ಕಟ್ಟಿಹಾಕಿ ಕೂತವನು ನಾನೇ ಎಂದು ಹೇಳಿದೆ. ನನ್ನ ತಪ್ಪು ಎಂದೆ. ಆ ಮಾತು ನನ್ನ ಬಾಯಿಂದ ಅದಕ್ಕೆ ಮುಂಚೆ ಬಂದ ನೆನಪಿಲ್ಲ.

"ಹಂಗಾದ್ರೆ ಅವತ್ತು ನೀವು ಹೇಳಿದ್ದು ಸುಳ್ಳಾ?" ಎಂದು ಕೇಳಿದ.

ನೋಲೀನ್ ಎದುರು ಕೂತು ನನ್ನನ್ನೇ ನೋಡುತ್ತಿದ್ದಳು.

"ಸುಳ್ಳು," ಎಂದೆ.

ಅವನು ನಿಟ್ಟುಸಿರು ಬಿಟ್ಟ. "ಬುಧವಾರ ಈ ಮಾತು ಹೇಳಿದ್ರೆ ಸಾಕಿತ್ತು ರೀ. ನಾನು ಕೇಳಿದ್ದೇ ಅದಕ್ಕೆ. ಈಗ ಆ ಮಾಪಕದ ದುಡ್ಡನ್ನ ಸೇತುವೆಗೆ ಬರೆದಾಯ್ತು, ಮೇಲಿನೋರ ರುಜುನೂ ಬಿತ್ತು. ನನ್ನ ಕೈಲಿ ಏನೂ ಇಲ್ಲ."

ಅವನು ಹೇಳಿದ್ದನ್ನು ಅವಳಿಗೆ ಹೇಳಿದೆ. ತಲೆಯಾಡಿಸಿದಳು. ಎದ್ದು ಬೂಟು ಹಾಕಿಕೊಂಡು ಹಾಲು ಕರೆಯಲು ಹೊರಟವಳು ಬಾಗಿಲಲ್ಲಿ ನಿಂತು, "ನಾಳೆ ಒಂಬತ್ತಕ್ಕೆ ಬಾ," ಎಂದಳು.

ಶನಿವಾರ ಎಂಟೂಮುಕ್ಕಾಲಿಗೇ ಹೋದೆ. ಡಾರ್ಸಿ ಸರಳನ್ನು ಕಿತ್ತು ದೂರ ಹುಗಿದಿದ್ದ, ಫೋನಿನಲ್ಲಿ ಟಿಕ್ ಇರಲಿಲ್ಲ. ಒಂಬತ್ತಕ್ಕೆ ನೋಲೀನ್ ಹಿತ್ತಿಲಿನಿಂದ ಒದ್ದೆ ಕೋಟಿನಲ್ಲಿ ಬಂದಳು.

"ಇಪ್ಪತ್ತೇಳು ಪಾಯಿಂಟ್ ಐದು. ಕಳಿಸು."

"ನೋಲೀನ್, ಅವರು ತಗೊಳ್ಳಲ್ಲ. ಮುಚ್ಚಿಬಿಟ್ಟಿದ್ದಾರೆ."

"ಗೊತ್ತು. ಕಾಗದ ಓದೋಕೆ ನಂಗೂ ಬರುತ್ತೆ." ಅವಳ ಧ್ವನಿಯಲ್ಲಿ ಸಿಟ್ಟು ಇರಲಿಲ್ಲ. ದಡ್ಡರಿಗೆ ಪಾಠ ಹೇಳುವಂತೆ ನಾನು ಇಷ್ಟು ವರ್ಷ ಬೇರೆಯವರೊಂದಿಗೆ ಮಾತಾಡಿದ ಧ್ವನಿ ಅದು. "ಅವರು ತಗೋತಾರೋ ಬಿಡ್ತಾರೋ, ಅದು ಹಾಗಿರ್ಲಿ. ನಿಂಗೆ ಒಂದು ಅಂಕಿ ಕಳಿಸೋಕೆ ಬರುತ್ತೋ ಇಲ್ವೋ, ಅದನ್ನ ನೋಡ್ಬೇಕು ನಾನು."

ಕುರ್ಚಿಯಲ್ಲಿ ಕೂತು ಡಯಲ್ ಮಾಡಿದೆ. ಮೊದಲ ಸಲಕ್ಕೇ ಸೇರಿತು. ಅಂಕಿಯನ್ನು ಎರಡು ಸಲ ಅಳಿಸಿ ಬರೆದೆ. ಅವಳು ಹಿಂದೆ ನಿಂತು, ಚಿಕ್ಕ ಮಕ್ಕಳು ಕಾಪಿ ಬರೆಯುವುದನ್ನು ನೋಡುವಂತೆ ನೋಡುತ್ತಿದ್ದಳು. ಒಂಬತ್ತು ಏಳಕ್ಕೆ ಹೋಯಿತು. ಎರಡು ನಿಮಿಷದಲ್ಲಿ ಕಚೇರಿಯ ಕಂಪ್ಯೂಟರಿನಿಂದ ತಾನಾಗಿಯೇ ಉತ್ತರ ಬಂತು. ನೋಲೀನ್ ಕನ್ನಡಕ ಹಾಕಿಕೊಂಡು, ನನ್ನ ಭುಜದ ಮೇಲಿಂದ ಬಗ್ಗಿ, ಅದನ್ನು ತಾನೇ ಗಟ್ಟಿಯಾಗಿ ಓದಿದಳು.

"ಈ ಕೇಂದ್ರ ಚಾಲ್ತಿಯಲ್ಲಿಲ್ಲ. ನಿಮ್ಮ ಸಂದೇಶವನ್ನು ಅಳಿಸಲಾಗಿದೆ."

ಕನ್ನಡಕ ತೆಗೆದು ಮಡಿಸಿದಳು.

"ಪರವಾಗಿಲ್ಲ, ಬರುತ್ತೆ ನಿಂಗೆ," ಎಂದಳು. "ಎದ್ದೇಳು ಇನ್ನು. ಪೆಟ್ಟಿಗೆ ಎತ್ಕೊಂಡು ಹೋಗು, ನಂಗೆ ಮೇಜು ಬೇಕು."